ಆಫ್ರಿಕಾದಲ್ಲಿ 1.9, ಏಷ್ಯಾದಲ್ಲಿ 9.3: ಮಕ್ಕಳ ಹೃದಯದ ದೋಷವನ್ನು ದೇಶ ದೇಶಗಳ ನಡುವೆ ಹೋಲಿಸುವುದು ಹೇಗೆ?

ರೋಣದ ವಿಜ್ಞಾನ ಮಾಸ್ತರ

ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿಯವರು ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಹುಟ್ಟಿನಿಂದಲೇ ಬರುವ ಹೃದಯದ ದೋಷಗಳನ್ನು ವಿಷಯವಾಗಿ ಆರಿಸಿಕೊಂಡಿದ್ದಾರೆ. ಥರ್ಮೋಕೋಲಿನಲ್ಲಿ ನಾಲ್ಕು ಕೋಣೆಗಳ ಹೃದಯ ಸಿದ್ಧವಾಗಿದೆ. ಈಗ ಅಂಕಿ ಅಂಶಗಳ ಫಲಕದ ಕೆಲಸ ನಡೆದಿದೆ. 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನಮಗೆ ಸಿಕ್ಕಿದೆ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಸೇರಿಸಿ ಮಾಡಿದ್ದು, ಅದರಲ್ಲಿ ಎರಡು ಕೋಟಿ ನಲವತ್ತು ಲಕ್ಷ ಜನನಗಳ ಲೆಕ್ಕವಿದೆ. ಸಾವಿರ ಸಜೀವ ಜನನಕ್ಕೆ ಏಷ್ಯಾದಲ್ಲಿ 9.3, ಯುರೋಪಿನಲ್ಲಿ 8.2, ಉತ್ತರ ಅಮೆರಿಕದಲ್ಲಿ 6.9, ಆಫ್ರಿಕಾದಲ್ಲಿ 1.9.

ಹುಡುಗರು ಉತ್ಸಾಹದಿಂದ ಬಣ್ಣದ ಕಂಬಗಳನ್ನು ಬರೆದು, ಕೆಳಗೆ "ಏಷ್ಯಾದಲ್ಲಿ ಹೆಚ್ಚು, ಏಕೆಂದರೆ ರಕ್ತಸಂಬಂಧದಲ್ಲಿ ಮದುವೆ" ಎಂದು ಸೇರಿಸಲು ಹೊರಟಿದ್ದಾರೆ. ನಾನು ಸದ್ಯಕ್ಕೆ ತಡೆದಿದ್ದೇನೆ. ತರಗತಿಯಲ್ಲಿ ಸೋದರಮಾವನನ್ನೇ ಮದುವೆಯಾದ ತಾಯಂದಿರ ಮಕ್ಕಳು ಇದ್ದಾರೆ. ಅವರ ಎದುರು ಹೀಗೊಂದು ಫಲಕ ತೂಗುಹಾಕುವ ಮೊದಲು ಅದು ನಿಜವೇ ಎಂದು ನನಗೆ ಗೊತ್ತಾಗಬೇಕು. ತಿಳಿದವರು ಬರೆಯಿರಿ.

ನವನಗರದ ಇಂಜಿನಿಯರ್

ಇದರಲ್ಲಿ ತಿಳಿಯಲಾರದ್ದು ಏನಿದೆ ಸರ್? ಸೋದರಿಕೆಯ ಮದುವೆ ದಕ್ಷಿಣ ಭಾರತದಲ್ಲಿ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದು ಸಂಬಂಧದೊಳಗೇ ಆಗಿರುತ್ತದೆ. ಕಾರಣ ಎದುರಿಗೇ ಇದೆ. ಹುಡುಗರು ಬರೆದದ್ದು ಸರಿಯಾಗಿಯೇ ಇದೆ, ಮುಜುಗರಕ್ಕಾಗಿ ವಿಜ್ಞಾನವನ್ನು ಮುಚ್ಚಿಡಬಾರದು.

ಅಂಕಿಸಂಖ್ಯೆ, ಧಾರವಾಡ

ಇಂಜಿನಿಯರ್ ಸಾಹೇಬರೇ, ಅದೇ ಪಟ್ಟಿಯ ಇನ್ನೊಂದು ತುದಿಯನ್ನೂ ನೋಡಬೇಕಲ್ಲ? ಆಫ್ರಿಕಾದ 1.9ಕ್ಕೆ ನಿಮ್ಮ ವಿವರಣೆ ಏನು? ಸುಡಾನ್, ಈಜಿಪ್ಟ್, ಮಾರಿಟಾನಿಯಾಗಳಲ್ಲಿ ಹತ್ತಿರದ ಸಂಬಂಧಿಗಳ ನಡುವೆ ಮದುವೆ ಧಾರಾಳವಾಗಿ ನಡೆಯುತ್ತದೆ. ನಿಮ್ಮ ತರ್ಕ ನಿಜವಾಗಿದ್ದರೆ ಅಲ್ಲಿನ ಕಂಬ ಅಷ್ಟು ಗಿಡ್ಡವಾಗಿರಬಾರದಿತ್ತು. ಒಂದು ಕಂಬವನ್ನು ವಿವರಿಸಿ ಪಕ್ಕದ ಕಂಬವನ್ನು ಮರೆಯುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಜಾಗವಿಲ್ಲ.

ಮಾಸ್ತರರೇ, ನಿಮ್ಮ ಹುಡುಗರಿಗೆ ಅದೇ ವಿಶ್ಲೇಷಣೆಯ ಮತ್ತೊಂದು ಸಾಲನ್ನು ತೋರಿಸಿ. 1930ರಿಂದ 1934ರ ಅವಧಿಯಲ್ಲಿ ಇದೇ ದರ ಸಾವಿರಕ್ಕೆ 0.6 ಇತ್ತು. 1995ರ ನಂತರ 9.1 ಆಗಿದೆ. ಅರವತ್ತು ವರ್ಷಗಳಲ್ಲಿ ಮನುಷ್ಯಜಾತಿಯ ಹೃದಯ ಹದಿನೈದು ಪಟ್ಟು ಕೆಟ್ಟುಹೋಯಿತೇ? ಇಲ್ಲ. 1930ರಲ್ಲಿ ವೈದ್ಯರು ಹೆಚ್ಚಾಗಿ ಸ್ಟೆತಸ್ಕೋಪು ಮತ್ತು ಶವಪರೀಕ್ಷೆಯ ಮೇಜನ್ನೇ ನೆಚ್ಚಿಕೊಳ್ಳಬೇಕಿತ್ತು. ಆಮೇಲೆ ಶಬ್ದತರಂಗದಿಂದ ಹೃದಯದ ಒಳಗನ್ನು ತೋರಿಸುವ ಎಕೋ ಯಂತ್ರ ಬಂತು. ಹುಡುಕುವವರಿಗೆ ಕಣ್ಣು ಬಂದ ಹಾಗೆ ದೋಷಗಳೂ ಕಾಣತೊಡಗಿದವು. ಕಾಲದಲ್ಲಿ ಆದದ್ದೇ ಭೂಗೋಳದಲ್ಲಿಯೂ ಆಗಿದೆ. ಆ 1.9 ಹೇಳುತ್ತಿರುವುದು ಆಫ್ರಿಕಾದ ಮಕ್ಕಳ ಆರೋಗ್ಯವನ್ನಲ್ಲ, ಅಲ್ಲಿ ಎಕೋ ಯಂತ್ರಗಳು ಎಷ್ಟಿವೆ ಎಂಬುದನ್ನು.

ಬ್ಯಾಡಗಿಯ ದಲಾಲಿ

ನಾನು ಓದಿದ್ದು ಪಿಯುಸಿ, ವೈದ್ಯಕೀಯ ನನಗೆ ದೂರ. ಆದರೆ ಈ ಲೆಕ್ಕ ಚೆನ್ನಾಗಿ ಅರ್ಥವಾಯಿತು. ನಮ್ಮ ಮಾರುಕಟ್ಟೆಗೆ ಬಂದ ಮೆಣಸಿನಕಾಯಿ ಚೀಲಗಳನ್ನು ಎಣಿಸಿ ಯಾವ ತಾಲ್ಲೂಕಿನಲ್ಲಿ ಎಷ್ಟು ಬೆಳೆಯಿತು ಎಂದು ಹೇಳಿದರೆ ರೈತರು ನಗುತ್ತಾರೆ. ರಸ್ತೆ ಇದ್ದವರ ಚೀಲ ಬರುತ್ತದೆ, ಇಲ್ಲದವರದು ಊರಲ್ಲೇ ಕೈ ಬದಲಾಗುತ್ತದೆ, ಮಳೆಗೆ ಸಿಕ್ಕಿದ್ದು ಹೊಲದಲ್ಲೇ ಕೊಳೆಯುತ್ತದೆ. ಆವಕ ಬೇರೆ, ಬೆಳೆ ಬೇರೆ.

ಅಂಕಿಸಂಖ್ಯೆ, ಧಾರವಾಡ

ಸಾವಕಾರರೇ, ಮೂವತ್ತು ವರ್ಷ ಪಾಠ ಮಾಡಿದವನಿಗೆ ಇಷ್ಟು ಚೊಕ್ಕವಾಗಿ ಹೇಳಲು ಆಗಿರಲಿಲ್ಲ. ಆ ಕೊಳೆತ ಮಾಲಿನ ಮಾತನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಭೀರ ದೋಷದ ಮಗು ಹುಟ್ಟಿದ ವಾರದೊಳಗೆ ತೀರಿಕೊಂಡು, ಕಾರಣ "ಉಸಿರಾಟದ ತೊಂದರೆ" ಎಂದು ದಾಖಲಾದರೆ ಅದು ಯಾವ ಪಟ್ಟಿಗೂ ಬರುವುದಿಲ್ಲ. ಶಾಲಾ ಮಕ್ಕಳನ್ನು ತಪಾಸಣೆ ಮಾಡಿ ತೆಗೆದ ದರ ಯಾವಾಗಲೂ ಕಡಿಮೆ ಇರುವುದಕ್ಕೆ ಇದೇ ಕಾರಣ. ಶಾಲೆಯ ಬಾಗಿಲವರೆಗೆ ಬಂದವರು ಬದುಕುಳಿದವರು.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಇಡೀ ದಿನ ಹೊರರೋಗಿಗಳು, ಈಗ ಬಿಡುವಾಯಿತು.

ಧಾರವಾಡದ ಸರ್ ಹೇಳಿದ್ದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ದೆಹಲಿಯ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಸುಮಾರು ಹನ್ನೊಂದು ಸಾವಿರ ಮಕ್ಕಳನ್ನು ನೋಡಿ 1994ರಲ್ಲಿ ಪ್ರಕಟಿಸಿದ ದರ ಸಾವಿರಕ್ಕೆ 3.9. ಅದೇ ದೆಹಲಿಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದು 8.07. ಊರು ಒಂದೇ, ಜನ ಒಂದೇ, ಸಂಖ್ಯೆ ಎರಡು ಪಟ್ಟು.

ಇದಕ್ಕಿಂತ ಸ್ವಾರಸ್ಯದ್ದು ಇಸ್ರೇಲಿನ ನಹಾರಿಯಾದಿಂದ 1995ರಲ್ಲಿ ಬಂದ ಅಧ್ಯಯನ. ಅಲ್ಲಿನವರು ಯಾವ ಲಕ್ಷಣವೂ ಇಲ್ಲದ ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳಿಗೆ ಸುಮ್ಮನೆ ಎಕೋ ಮಾಡಿ ನೋಡಿದರು. ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯ ಸ್ನಾಯುಭಾಗದಲ್ಲಿ ಸಣ್ಣ ರಂಧ್ರ ಇದ್ದ ಮಕ್ಕಳು ಸಾವಿರಕ್ಕೆ 53! ಆ ರಂಧ್ರಗಳಲ್ಲಿ ಬಹುಪಾಲು ಮಗುವಿಗೆ ವರ್ಷ ತುಂಬುವುದರೊಳಗೆ ತಾವಾಗಿಯೇ ಮುಚ್ಚಿಕೊಂಡವು. ಅಂದರೆ ಒಂದು ದೇಶ ನಾಳೆ ಬೆಳಿಗ್ಗೆ ಹುಟ್ಟಿದ ಪ್ರತಿ ಮಗುವಿಗೂ ಎಕೋ ಮಾಡಿಸಲು ತೊಡಗಿದರೆ ಅದರ ದರ ಪಟ್ಟಿಯ ಎಲ್ಲ ಕಂಬಗಳನ್ನೂ ಮೀರಿ ಮೇಲೇರುತ್ತದೆ, ಒಂದು ಮಗುವಿನ ಆರೋಗ್ಯವೂ ಕೆಟ್ಟಿರುವುದಿಲ್ಲ.

2019ರಲ್ಲಿ ಬಂದ ಮತ್ತೊಂದು ಜಾಗತಿಕ ವಿಶ್ಲೇಷಣೆ 1970ರಿಂದ 2017ರವರೆಗಿನ ಅಧ್ಯಯನಗಳನ್ನು ಪರಿಶೀಲಿಸಿತು. ದರದ ಏರಿಕೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಮೂರೇ ಸೌಮ್ಯ ದೋಷಗಳದ್ದು: ವಿಎಸ್‌ಡಿ, ಎಎಸ್‌ಡಿ, ಪಿಡಿಎ. ಮೊದಲನೆಯದು ಕೆಳಗಿನ ಕೋಣೆಗಳ ನಡುವಿನ ಗೋಡೆಯ ರಂಧ್ರ, ಎರಡನೆಯದು ಮೇಲಿನ ಕೋಣೆಗಳ ನಡುವಿನ ಗೋಡೆಯದು. ಮೂರನೆಯದು ಗರ್ಭದಲ್ಲಿ ಅಗತ್ಯವಿದ್ದು ಹುಟ್ಟಿದ ಮೇಲೆ ಮುಚ್ಚಬೇಕಾದ ನಾಳ ಮುಚ್ಚದೇ ಉಳಿಯುವುದು.

ಹಾಗಾಗಿ ದೇಶಗಳನ್ನು ಹೋಲಿಸಲೇಬೇಕೆಂದರೆ ಒಟ್ಟು ಸಂಖ್ಯೆಯನ್ನು ಬಿಟ್ಟು, ಯಾರ ಕಣ್ಣಿಗೂ ತಪ್ಪದಂಥ ಗಂಭೀರ ದೋಷಗಳನ್ನು ಮಾತ್ರ ಹೋಲಿಸುವುದು ಮೇಲು. ಹಾಗೆ ಮಾಡಿದಾಗ ಕಂಬಗಳ ಎತ್ತರ ಬಹಳ ಮಟ್ಟಿಗೆ ಸಮೀಪಕ್ಕೆ ಬರುತ್ತದೆ.

ನವನಗರದ ಇಂಜಿನಿಯರ್

ಮೇಡಂ, ಹಾಗಾದರೆ ಎಲ್ಲ ವ್ಯತ್ಯಾಸವೂ ಯಂತ್ರದ ಮಾಯೆ ಎನ್ನುತ್ತೀರಾ? ಜಗತ್ತಿನ ಎಲ್ಲ ಜನಾಂಗಗಳ ಮಕ್ಕಳಿಗೂ ಒಂದೇ ರೀತಿ ದೋಷ ಬರುತ್ತದೆ ಎಂದರೆ ಅದೂ ನಂಬಲು ಕಷ್ಟ.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಹಾಗೆ ನಾನು ಹೇಳಲಿಲ್ಲ. ನಿಜವಾದ ವ್ಯತ್ಯಾಸಗಳು ಇವೆ, ಆದರೆ ಅವು ಇರುವುದು "ಎಷ್ಟು" ಎಂಬುದಕ್ಕಿಂತ "ಯಾವುದು" ಎಂಬುದರಲ್ಲಿ.

ವಿಎಸ್‌ಡಿಯನ್ನೇ ತೆಗೆದುಕೊಳ್ಳಿ. ಜಗತ್ತಿನಲ್ಲೆಲ್ಲ ಸಾಮಾನ್ಯ ದೋಷ ಅದು. ಆದರೆ ರಂಧ್ರ ಗೋಡೆಯ ಯಾವ ಜಾಗದಲ್ಲಿದೆ ಎಂಬುದು ಜನಸಮುದಾಯಕ್ಕೆ ತಕ್ಕಂತೆ ಬದಲಾಗುತ್ತದೆ. ಮಹಾಪಧಮನಿಯ ಕವಾಟದ ಸರಿ ಕೆಳಗೆ ಬರುವ ಒಂದು ಬಗೆ ಇದೆ. ಪಾಶ್ಚಾತ್ಯ ದೇಶಗಳಲ್ಲಿ ಅದು ವಿಎಸ್‌ಡಿಗಳಲ್ಲಿ ನೂರಕ್ಕೆ ಐದರ ಆಸುಪಾಸು. ಜಪಾನ್, ಚೀನಾಗಳಲ್ಲಿ ಮೂವತ್ತರವರೆಗೆ ಹೋಗುತ್ತದೆ. ಇದು ಬರೀ ಪುಸ್ತಕದ ಕುತೂಹಲವಲ್ಲ. ಆ ಜಾಗದ ರಂಧ್ರ ತಾನಾಗಿ ಮುಚ್ಚುವುದು ತೀರಾ ಅಪರೂಪ, ಮೇಲಿನ ಕವಾಟದ ಎಸಳು ಅದರೊಳಗೆ ಜೋತುಬಿದ್ದು ಕವಾಟ ಸೋರತೊಡಗುತ್ತದೆ. ಆದ್ದರಿಂದ ರಂಧ್ರ ಸಣ್ಣದಾದರೂ ಕಾಯದೆ ಮುಚ್ಚಬೇಕಾಗಬಹುದು. ಪಾಶ್ಚಾತ್ಯ ಪಠ್ಯಪುಸ್ತಕದ "ಸಣ್ಣದಿದ್ದರೆ ಕಾದು ನೋಡಿ" ಎಂಬ ಸಲಹೆಯನ್ನು ಎಲ್ಲ ದೇಶದ ಮಕ್ಕಳಿಗೂ ಹಾಗೆಯೇ ಅನ್ವಯಿಸಲು ಆಗುವುದಿಲ್ಲ. ಇನ್ನೊಂದು ಕಡೆ, ಮಹಾಪಧಮನಿ ಕಿರಿದಾಗುವಂಥ ಎಡಬದಿಯ ಅಡೆತಡೆಗಳು ಯುರೋಪಿನವರಲ್ಲಿ ಹೆಚ್ಚು, ಏಷ್ಯಾದವರಲ್ಲಿ ಕಡಿಮೆ.

ಒಂದು ವರ್ಣತಂತು ಹೆಚ್ಚಿಗೆ ಇರುವುದರಿಂದ ಬರುವ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಹೀಗೆಯೇ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ಯುರೋಪು, ಅಮೆರಿಕಗಳ ಪುಸ್ತಕಗಳು ನಡುವಿನ ಗೋಡೆ ಮತ್ತು ಕವಾಟಗಳೆರಡೂ ಸರಿಯಾಗಿ ರೂಪುಗೊಳ್ಳದ ದೋಷವನ್ನು ಮೊದಲ ಸ್ಥಾನದಲ್ಲಿ ಇಡುತ್ತವೆ. ಗ್ವಾಟೆಮಾಲಾದ ಮಕ್ಕಳಲ್ಲಿ ಮೊದಲ ಸ್ಥಾನ ಪಿಡಿಎಗೆ. ಹೆಚ್ಚುವರಿ ವರ್ಣತಂತು ಎಲ್ಲ ಕಡೆ ಅದೇ, ಪರಿಣಾಮ ಮಾತ್ರ ಬೇರೆ. ಏಕೆ ಎಂದು ಕೇಳಿದರೆ ವಂಶವಾಹಿಗಳ ಹಿನ್ನೆಲೆ ಮತ್ತು ಪರಿಸರ ಎರಡರತ್ತಲೂ ಬೆರಳು ತೋರಿಸುತ್ತಾರೆ.

ರಿಯಾದ್‌ನಲ್ಲಿರುವ ಗದಗಿನವ

ಪರಿಸರದ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಂಪನಿಯಲ್ಲಿ ಪೆರು ದೇಶದ ಸಹೋದ್ಯೋಗಿ ಒಬ್ಬರಿದ್ದಾರೆ. ಅವರ ಊರಿನ ಕಡೆ ಬೆಟ್ಟದ ಮೇಲೆ ಹುಟ್ಟಿದ ಮಕ್ಕಳಿಗೆ ಹೃದಯದ ತೊಂದರೆ ಹೆಚ್ಚು ಎನ್ನುತ್ತಾರೆ. ಇದಕ್ಕೆ ಆಧಾರ ಇದೆಯೇ?

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಗಟ್ಟಿಯಾದ ಆಧಾರ ಇದೆ, ಮಾಸ್ತರರ ಹುಡುಗರಿಗೆ ಇದು ಬಹಳ ಇಷ್ಟವಾದೀತು. ಈಗ ಹೇಳಿದ ಪಿಡಿಎ ನಾಳ ಮುಚ್ಚುವುದಕ್ಕೆ ಮುಖ್ಯ ಸೂಚನೆ ಆಮ್ಲಜನಕ. ಮಗು ಮೊದಲ ಉಸಿರು ಎಳೆದೊಡನೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ, ನಾಳದ ಸ್ನಾಯು ಸಂಕುಚಿಸುತ್ತದೆ. ನಾಲ್ಕು ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ಪೆರುವಿನ ಸೆರ್ರೊ ಡೆ ಪಾಸ್ಕೊದಂಥ ಊರಿನಲ್ಲಿ ಗಾಳಿ ತೆಳು. ಸೂಚನೆ ದುರ್ಬಲವಾಗುತ್ತದೆ, ನಾಳ ತೆರೆದೇ ಉಳಿಯುತ್ತದೆ. ಟಿಬೆಟ್ ಮತ್ತು ಚಿಂಗ್‌ಹಾಯ್ ಪ್ರಸ್ಥಭೂಮಿಯಲ್ಲಿಯೂ ಪಿಡಿಎ ಹೆಚ್ಚು. ಸುಮಾರು 700 ಮೀಟರ್ ಎತ್ತರದ ಧಾರವಾಡದವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ರಿಯಾದ್‌ನಲ್ಲಿರುವ ಗದಗಿನವ

ಧನ್ಯವಾದ ಮೇಡಂ. ಸೋದರಿಕೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಇಲ್ಲಿ ಸೌದಿಯಲ್ಲಿ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ನಡುವೆಯೂ ಮದುವೆ ಸಾಮಾನ್ಯ. ಮದುವೆಗೆ ಮೊದಲು ರಕ್ತಪರೀಕ್ಷೆ ಕಡ್ಡಾಯ ಮಾಡಿದ್ದಾರೆ, ಆದರೆ ಅದು ಥಲಸ್ಸೇಮಿಯಾ, ಸಿಕಲ್ ಸೆಲ್‌ನಂಥವುಗಳಿಗೆ. ಹೃದಯದ ಬಗ್ಗೆ ಏನೂ ಹೇಳುವುದಿಲ್ಲ.

ಅಂಕಿಸಂಖ್ಯೆ, ಧಾರವಾಡ

ಈ ಪ್ರಶ್ನೆಗೆ ದೇಶಗಳನ್ನು ಹೋಲಿಸಿ ಉತ್ತರ ಪಡೆಯಲು ಆಗುವುದಿಲ್ಲ. ದೇಶ ಬದಲಾದರೆ ಯಂತ್ರ, ವೈದ್ಯರು, ದಾಖಲಾತಿ ಎಲ್ಲವೂ ಬದಲಾಗುತ್ತವೆ. ಒಂದೇ ಊರಿನ, ಒಂದೇ ಆಸ್ಪತ್ರೆಯ, ಎರಡು ಸಮುದಾಯಗಳನ್ನು ಹೋಲಿಸಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದದ್ದು ಅದೇ. ಅಲ್ಲಿ ಪಾಕಿಸ್ತಾನ ಮೂಲದ ಕುಟುಂಬಗಳು ಬಹಳ, ಅವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ದಂಪತಿ ಒಡಹುಟ್ಟಿದವರ ಮಕ್ಕಳು. ಹನ್ನೊಂದು ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಹಿಂಬಾಲಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಎಲ್ಲ ಬಗೆಯ ಜನ್ಮಜಾತ ನ್ಯೂನತೆಗಳನ್ನು ಸೇರಿಸಿದರೆ, ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಅಪಾಯ ನೂರಕ್ಕೆ ಮೂರರಿಂದ ಆರಕ್ಕೆ ಏರಿತ್ತು. ಬಡತನವನ್ನು ಲೆಕ್ಕದಿಂದ ತೆಗೆದ ಮೇಲೂ ಆ ವ್ಯತ್ಯಾಸ ಉಳಿಯಿತು.

ಅಂದರೆ ಇಂಜಿನಿಯರ್ ಸಾಹೇಬರು ಹೇಳುವ ಪರಿಣಾಮ ಇದೆ. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು: ಮೂವತ್ತನಾಲ್ಕು ದಾಟಿದ ಬಿಳಿಯ ತಾಯಂದಿರಲ್ಲಿ ಅಪಾಯ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ತಡವಾಗಿ ಮಗು ಪಡೆಯುವ ಬಗ್ಗೆ ಯಾರೂ ಫಲಕ ಬರೆದು ತೂಗುಹಾಕುವುದಿಲ್ಲ, ಗಮನಿಸಿ. ನೂರಕ್ಕೆ ಆರು ಎಂದರೆ ನೂರಕ್ಕೆ ತೊಂಬತ್ತನಾಲ್ಕು ಮಕ್ಕಳು ನ್ಯೂನತೆ ಇಲ್ಲದೆ ಹುಟ್ಟಿದರು ಎಂದೂ ಅರ್ಥ.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಸರ್ ಮಾತಿಗೆ ಸೇರಿಸುತ್ತೇನೆ. ಹೃದಯದ ದೋಷಗಳ ಮಟ್ಟಿಗೆ ಮೈಸೂರಿನಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನವೂ ಸೋದರಿಕೆಯೊಂದಿಗೆ ನಂಟು ಕಂಡಿತು. ಸೌದಿಯಲ್ಲಿ 2001ರಲ್ಲಿ ಬಂದ ದೊಡ್ಡ ಅಧ್ಯಯನ ಇನ್ನೂ ಸೂಕ್ಷ್ಮವಾಗಿ ನೋಡಿತು: ವಿಎಸ್‌ಡಿ, ಎಎಸ್‌ಡಿಗಳಿಗೆ ನಂಟು ಕಂಡಿತು, ಮೈ ನೀಲಿಯಾಗಿಸುವ ಫ್ಯಾಲೊಟ್ ಟೆಟ್ರಾಲಜಿಗೆ ಕಾಣಲಿಲ್ಲ. ಹೀಗಾಗಿ "ಸೋದರಿಕೆಯಿಂದ ಹೃದಯದ ದೋಷ" ಎಂದು ಒಂದೇ ಸಾಲಿನಲ್ಲಿ ಬರೆದರೆ ಅರ್ಧ ಸತ್ಯವಾಗುತ್ತದೆ. ಎರಡನೆಯದಾಗಿ, ನಮ್ಮ ಕಡೆಯ ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಬ್ರಾಡ್‌ಫರ್ಡ್‌ನಲ್ಲಿ ಇಲ್ಲ. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಯಾದರೆ ಹುಟ್ಟುವ ಮಗುವಿನಲ್ಲಿ ವಂಶವಾಹಿ ಜೋಡಿಗಳ ಹದಿನಾರನೇ ಒಂದು ಭಾಗ ಒಂದೇ ಮೂಲದಿಂದ ಬಂದಿರುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳು ಮದುವೆಯಾದರೆ ಎಂಟನೇ ಒಂದು ಭಾಗ.

ಕೊನೆಯದಾಗಿ, ಹೃದಯದ ದೋಷವಿರುವ ಬಹುಪಾಲು ಮಕ್ಕಳಲ್ಲಿ ಒಂದೇ ಒಂದು ಕಾರಣವನ್ನು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಗರ್ಭ ಧರಿಸುವ ಮೊದಲೇ ಇದ್ದ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಅಪಸ್ಮಾರದ ಕೆಲವು ಮಾತ್ರೆಗಳು, ಮೊದಲ ತಿಂಗಳುಗಳಲ್ಲಿ ತಗಲುವ ರುಬೆಲ್ಲಾ, ಇವು ಖಚಿತವಾಗಿ ಗೊತ್ತಿರುವ ಕಾರಣಗಳು. ರುಬೆಲ್ಲಾ ದೇಶ ದೇಶಗಳ ವ್ಯತ್ಯಾಸಕ್ಕೂ ಒಂದು ಕಾರಣ. ಲಸಿಕೆ ಬಂದ ದೇಶಗಳಲ್ಲಿ ಅದರಿಂದಾಗುವ ಪಿಡಿಎ ಅಪರೂಪವಾಗಿದೆ. ನಮ್ಮಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ 2017ರ ಫೆಬ್ರವರಿಯಲ್ಲಿ ಶುರುವಾಯಿತು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಶಿಗ್ಗಾವಿಯ ತಾಯಿ

ಡಾಕ್ಟರ್ ಮೇಡಂ, ನನ್ನ ಮಗಳಿಗೆ ವಿಎಸ್‌ಡಿ ಇತ್ತು, ಶಸ್ತ್ರಚಿಕಿತ್ಸೆ ಆಗಿದೆ, ಈಗ ಮೂರನೆಯ ತರಗತಿ. ನಮ್ಮದು ಸಂಬಂಧದಲ್ಲಿ ಆದ ಮದುವೆಯಲ್ಲ. ನನ್ನವರ ಊರು ವಿಜಯಪುರದ ಕಡೆ, ಮೂರು ತಲೆಮಾರು ಹುಡುಕಿದರೂ ನಂಟು ಸಿಗದು. ಆದರೂ ಮಗಳ ಎದೆಯಲ್ಲಿ ರಂಧ್ರ ಇದೆ ಎಂದು ತಿಳಿದ ದಿನವೇ ಮನೆಯಲ್ಲಿ ಕಾರಣ ಹುಡುಕಲು ಕುಳಿತರು. ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದೆನಂತೆ. ಅತ್ತೆಗೆ ಯಾರೋ ಪಪ್ಪಾಯಿಯ ನೆನಪು ಮಾಡಿಕೊಟ್ಟರು. ಗರ್ಭಿಣಿಯಾಗಿದ್ದಾಗ ನಾನು ಬಸ್ಸಿನಲ್ಲಿ ಓಡಾಡಿದ್ದನ್ನೂ ಬಿಡಲಿಲ್ಲ. ನನ್ನವರ ಕಡೆಯಿಂದ ಏನಾದರೂ ಬಂದಿರಬಹುದೇ ಎಂದು ಒಬ್ಬರೂ ಕೇಳಲಿಲ್ಲ.

ಮಾಸ್ತರರೇ, ನಿಮ್ಮ ಫಲಕ ನೋಡಲು ತಾಯಂದಿರೂ ಬರುತ್ತಾರೆ. ಕಾರಣ ಬರೆಯುವ ಜಾಗದಲ್ಲಿ ಲಕ್ಷಣ ಬರೆಸಿದರೆ ಹೆಚ್ಚು ಉಪಕಾರ. ಹಾಲು ಕುಡಿಯುವಾಗ ಮಗಳ ಹಣೆ ಬೆವರುತ್ತಿತ್ತು, ಎರಡು ಗುಟುಕಿಗೆ ನಿಲ್ಲಿಸಿ ಏದುಸಿರು ಬಿಡುತ್ತಿದ್ದಳು. ತೂಕ ಏರುತ್ತಿರಲಿಲ್ಲ, ನೆಗಡಿ ಎಂದದ್ದು ನ್ಯುಮೋನಿಯಾ ಆಗುತ್ತಿತ್ತು. ಮೊದಲು ತೋರಿಸಿದ ಕಡೆ "ತಾಯಿಯ ಹಾಲು ಸಾಲದು, ಪುಡಿ ಹಾಲು ಕೊಡಿ" ಎಂದು ಕಳಿಸಿದರು. ಗೊತ್ತು ಮಾಡಿದ್ದು ಚುಚ್ಚುಮದ್ದು ಹಾಕಲು ಬಂದ ಉಪಕೇಂದ್ರದ ಅಕ್ಕ.

ಲಕ್ಷ್ಮೇಶ್ವರದ ನರ್ಸ್

ಅಕ್ಕಾ, ನಿಮ್ಮ ಮಾತು ಓದಿ ನಮ್ಮ ಕೆಲಸಕ್ಕೂ ಬೆಲೆ ಬಂದಂತಾಯಿತು. ಹಾಲು ಕುಡಿಯುವಾಗ ಹಣೆ ಬೆವರುವುದನ್ನು ನಾವು ಆಶಾ ಕಾರ್ಯಕರ್ತೆಯರಿಗೆ ಮೊದಲು ಕಲಿಸುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಬೆವರಿದರೆ "ಸೆಕೆ" ಎಂದು ಫ್ಯಾನ್ ಹಾಕುತ್ತಾರೆ.

ವಿಎಸ್‌ಡಿಯ ಸದ್ದು ಹುಟ್ಟಿದ ದಿನ ಕೇಳಿಸದಿರಬಹುದು, ಇದನ್ನು ತಾಯಂದಿರು ತಿಳಿದಿರಬೇಕು. ಹುಟ್ಟಿದಾಗ ಶ್ವಾಸಕೋಶದ ಒತ್ತಡ ಹೆಚ್ಚಿರುತ್ತದೆ, ರಕ್ತ ರಂಧ್ರದ ಮೂಲಕ ಜೋರಾಗಿ ನುಗ್ಗುವುದಿಲ್ಲ. ಕೆಲವು ವಾರಗಳಲ್ಲಿ ಒತ್ತಡ ಇಳಿದಾಗ ಸದ್ದು ಶುರು. ಹೆರಿಗೆ ಆಸ್ಪತ್ರೆಯಲ್ಲಿ "ಎಲ್ಲ ಸರಿ ಇದೆ" ಎಂದದ್ದು ಸುಳ್ಳೇನೂ ಅಲ್ಲ, ಆ ದಿನದ ಮಟ್ಟಿಗೆ ಸರಿ. ಆರನೆಯ ವಾರದ ಚುಚ್ಚುಮದ್ದಿಗೆ ಬಂದಾಗ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿ ಎಂದು ಕೇಳಿದರೆ ಯಾರೂ ಬೈಯುವುದಿಲ್ಲ.

ನಿರ್ವಾಹಕರು

ಇಬ್ಬರು ಸದಸ್ಯರು ತಮ್ಮ ಮಗುವಿನ ಎಕೋ ವರದಿಯ ಫೋಟೊ ಹಾಕಿದ್ದರು. ಮಗುವಿನ ಹೆಸರು ಮತ್ತು ಫೋನ್ ಸಂಖ್ಯೆ ಕಾಣುತ್ತಿದ್ದುದರಿಂದ ತೆಗೆದಿದ್ದೇವೆ. ಗ್ರಹಣದ ಬಗ್ಗೆ ಶುರುವಾದ ವಾದವನ್ನೂ ಇಲ್ಲಿಂದ ತೆಗೆದಿದ್ದೇವೆ, ಮುಂದುವರಿಸಲೇಬೇಕೆಂದರೆ ಬೇರೆ ಎಳೆ ತೆರೆಯಿರಿ.

ನವನಗರದ ಇಂಜಿನಿಯರ್

ಯುರೋಪಿನ ಬಗ್ಗೆ ಒಂದು ಅನುಮಾನ. ಅಲ್ಲಿ ಯಂತ್ರಗಳಿಗೆ ಕೊರತೆ ಇಲ್ಲ, ದಾಖಲಾತಿಗೂ ಕೊರತೆ ಇಲ್ಲ. ಹಾಗಿದ್ದೂ ಅಲ್ಲಿನ 8.2 ಏಷ್ಯಾಕ್ಕಿಂತ ಕಡಿಮೆ. ಇದಕ್ಕೂ ಯಂತ್ರವನ್ನೇ ಹೊಣೆ ಮಾಡುತ್ತೀರಾ ಸರ್?

ಅಂಕಿಸಂಖ್ಯೆ, ಧಾರವಾಡ

ಒಳ್ಳೆಯ ಪ್ರಶ್ನೆ. ಈ ಬಾರಿ ನಿಮ್ಮ ಮೇಲೆ ರೇಗುವುದಿಲ್ಲ.

ಯುರೋಪಿನಲ್ಲಿ ಬಹಳಷ್ಟು ಗಂಭೀರ ದೋಷಗಳು ಗರ್ಭದ ಸ್ಕ್ಯಾನಿಂಗ್‌ನಲ್ಲೇ ಸಿಗುತ್ತವೆ, ಕೆಲವು ದಂಪತಿ ಗರ್ಭಪಾತಕ್ಕೆ ಹೋಗುತ್ತಾರೆ. ಸಜೀವ ಜನನಕ್ಕೆ ಭಾಗಿಸಿ ತೆಗೆದ ದರದಲ್ಲಿ ಆ ಪ್ರಕರಣಗಳು ಕಾಣಿಸುವುದಿಲ್ಲ. ಯುರೋಪಿನ ಜನ್ಮಜಾತ ನ್ಯೂನತೆಗಳ ದಾಖಲಾ ಜಾಲ ಯೂರೋಕ್ಯಾಟ್ 1979ರಿಂದ ಕೆಲಸ ಮಾಡುತ್ತಿದೆ. ಅವರು ಗರ್ಭಪಾತ ಮತ್ತು ಸತ್ತು ಹುಟ್ಟಿದ ಶಿಶುಗಳನ್ನೂ ಸೇರಿಸಿ ಒಂದು ದರ, ಸಜೀವ ಜನನಕ್ಕೆ ಮಾತ್ರ ಇನ್ನೊಂದು ದರ ಕೊಡುತ್ತಾರೆ. ಎರಡರ ನಡುವೆ ಅಂತರ ಇದ್ದೇ ಇರುತ್ತದೆ. ಗರ್ಭಪಾತ ಕಾನೂನುಬಾಹಿರವಾಗಿದ್ದ ಮಾಲ್ಟಾದಂಥ ದೇಶವನ್ನು ಫ್ರಾನ್ಸಿನ ಪಕ್ಕದಲ್ಲಿ ಇಟ್ಟು ಸಜೀವ ಜನನದ ದರ ನೋಡಿದರೆ ಕಾನೂನಿನ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸದಂತೆ ಕಾಣುತ್ತದೆ. ಛೇದ ಏನು ಎಂದು ಕೇಳದೆ ಭಿನ್ನರಾಶಿಯನ್ನು ನಂಬಬಾರದು.

ಬ್ಯಾಡಗಿಯ ದಲಾಲಿ

ಹಾಗಾದರೆ ದೇಶ ದೇಶಗಳ ನಡುವೆ ಹೋಲಿಸಿ ಸಿಗುವ ಲಾಭವಾದರೂ ಏನು? ಎಲ್ಲದಕ್ಕೂ ಒಂದು "ಆದರೆ" ಅಂಟಿಕೊಂಡೇ ಬರುತ್ತಿದೆಯಲ್ಲ.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಸಾವಕಾರರೇ, ಹುಟ್ಟುವವರ ಸಂಖ್ಯೆಯನ್ನು ಬಿಟ್ಟು ಬದುಕುವವರ ಸಂಖ್ಯೆಯನ್ನು ಹೋಲಿಸಿ, ಆಗ ನೋಡಿ. ಅಲ್ಲಿ ಯಾವ "ಆದರೆ"ಯೂ ಉಳಿಯುವುದಿಲ್ಲ.

ಅಮೆರಿಕದ ಅಟ್ಲಾಂಟಾದಲ್ಲಿ ಗಂಭೀರ ದೋಷದೊಂದಿಗೆ ಹುಟ್ಟಿದ ಮಕ್ಕಳಲ್ಲಿ ಒಂದು ವರ್ಷ ದಾಟಿದವರು 1979ರಿಂದ 1993ರ ಅವಧಿಯಲ್ಲಿ ನೂರಕ್ಕೆ 67. 1994ರಿಂದ 2005ರ ಅವಧಿಯಲ್ಲಿ 82ಕ್ಕೂ ಹೆಚ್ಚು. ಸ್ವೀಡನ್ನಿನಲ್ಲಿ ಈಗ ಸೌಮ್ಯ, ಗಂಭೀರ ಎಲ್ಲ ದೋಷಗಳನ್ನು ಸೇರಿಸಿದರೆ ನೂರಕ್ಕೆ 97 ಮಕ್ಕಳು ಹದಿನೆಂಟು ದಾಟುತ್ತಾರೆ. ಅಮೆರಿಕದಲ್ಲಿ ಹುಟ್ಟಿನಿಂದ ಹೃದಯದ ದೋಷ ಇರುವವರಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು! ಅದೇ ವೇಳೆಗೆ, 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಈ ದೋಷಗಳಿಂದ ಸತ್ತವರು ಸುಮಾರು 2.6 ಲಕ್ಷ, ಅದರಲ್ಲಿ 1.8 ಲಕ್ಷ ಒಂದು ವರ್ಷದೊಳಗಿನ ಶಿಶುಗಳು. ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಹುಟ್ಟಿನ ದರದಲ್ಲಿ ದೇಶಗಳ ನಡುವೆ ಇರುವ ಅಂತರ ಈ ಅಂತರದ ಮುಂದೆ ಏನೂ ಅಲ್ಲ.

ಚೀನಾದ ಕೆಲಸವನ್ನು ನೋಡಿ ನಾವು ಕಲಿಯಬಹುದು. 18 ಆಸ್ಪತ್ರೆಗಳಲ್ಲಿ 1.2 ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ಸರಳ ತಪಾಸಣೆ ನಡೆಸಿ 2014ರಲ್ಲಿ ಫಲಿತಾಂಶ ಕೊಟ್ಟರು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಮತ್ತು ವೈದ್ಯರ ಸ್ಟೆತಸ್ಕೋಪು, ಇಷ್ಟೇ. ಪ್ರಾಣಾಪಾಯದ ದೋಷಗಳಲ್ಲಿ ನೂರಕ್ಕೆ 93 ಸಿಕ್ಕಿಬಿದ್ದವು. ಆಮೇಲೆ ಅದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಮಾಡಿದರು. ಅಮೆರಿಕ 2011ರಲ್ಲೇ ಆಕ್ಸಿಮೀಟರ್ ತಪಾಸಣೆಯನ್ನು ನವಜಾತ ಶಿಶುಗಳ ಶಿಫಾರಸು ಪಟ್ಟಿಗೆ ಸೇರಿಸಿತ್ತು. ನಮ್ಮ ಪಕ್ಕದ ಕೇರಳ 2017ರಲ್ಲಿ ಹೃದ್ಯಂ ಯೋಜನೆ ತಂದು, ಮಗುವಿನ ನೋಂದಣಿಯಿಂದ ಶಸ್ತ್ರಚಿಕಿತ್ಸೆಯವರೆಗೆ ಒಂದೇ ಸರಪಳಿ ಮಾಡಿತು.

ರೋಣದ ವಿಜ್ಞಾನ ಮಾಸ್ತರ

ಎಲ್ಲರಿಗೂ ನಮಸ್ಕಾರ. ನಿಮ್ಮ ಮಾತುಗಳನ್ನು ಹುಡುಗರಿಗೆ ಓದಿ ಹೇಳಿದೆ. ಅವರಲ್ಲಿ ಒಬ್ಬಳು "ಸರ್, ನಮ್ಮ ಗದಗ ಜಿಲ್ಲೆಯಲ್ಲಿ ಎಷ್ಟು?" ಎಂದು ಕೇಳಿದಳು. ಕೂತು ಲೆಕ್ಕ ಹಾಕಿದೆವು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 10.64 ಲಕ್ಷ. ರಾಜ್ಯದ ಜನನ ದರ ಸಾವಿರಕ್ಕೆ ಸುಮಾರು 16 ಎಂದಿಟ್ಟುಕೊಂಡರೆ ವರ್ಷಕ್ಕೆ ಹದಿನೇಳು ಸಾವಿರ ಹೆರಿಗೆ. ದೆಹಲಿಯ 8ರ ದರ ಹಿಡಿದರೆ ವರ್ಷಕ್ಕೆ 135ರಷ್ಟು ಮಕ್ಕಳು. ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಬೇಕು ಎಂದು ಓದಿದ್ದೇವೆ, ಅಂದರೆ 27. ಹುಡುಗರು ಖಂಡಗಳ ಕಂಬಗಳನ್ನು ತೆಗೆದು ಈ ಲೆಕ್ಕವನ್ನೇ ನಡುವೆ ಹಾಕುತ್ತಿದ್ದಾರೆ. ಪಕ್ಕದಲ್ಲಿ ಶಿಗ್ಗಾವಿಯ ಅಕ್ಕನವರು ಹೇಳಿದ ಲಕ್ಷಣಗಳು, ಅಟ್ಲಾಂಟಾದ ಎರಡು ಸಂಖ್ಯೆಗಳು. ಸರಿ ಇದೆಯೇ?

ಅಂಕಿಸಂಖ್ಯೆ, ಧಾರವಾಡ

ಸರಿ ಇದೆ. "ಅಂದಾಜು" ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಯಾರಾದರೂ ತೀರ್ಪುಗಾರರು ಆ 135 ಮಕ್ಕಳ ಪಟ್ಟಿ ಎಲ್ಲಿ ಎಂದು ಕೇಳಿದರೆ, ಆ ಪ್ರಶ್ನೆಯನ್ನು ಜಿಲ್ಲಾ ಆರೋಗ್ಯ ಕಚೇರಿಗೆ ಕೇಳಲು ಹೇಳಿ.

ನವನಗರದ ಇಂಜಿನಿಯರ್

ಸೋದರಿಕೆಯ ಮಾತನ್ನು ಪೂರ್ತಿ ತೆಗೆದುಬಿಡುವುದು ನನಗೆ ಈಗಲೂ ಒಪ್ಪಿಗೆಯಿಲ್ಲ. ಬ್ರಾಡ್‌ಫರ್ಡ್‌ನ ಮೂರು ಮತ್ತು ಆರು ಎಂಬ ಸಂಖ್ಯೆಗಳನ್ನಾದರೂ ಇಡಿ. ಮದುವೆಯ ವಯಸ್ಸಿಗೆ ಬರುತ್ತಿರುವ ಮಕ್ಕಳು ಅವರು, ತಿಳಿದಿರಲಿ.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ಇದಕ್ಕೆ ನನ್ನ ಬೆಂಬಲವೂ ಇದೆ. ತಾಯಿಯ ವಯಸ್ಸಿನ ಸಂಗತಿಯನ್ನೂ ಪಕ್ಕದಲ್ಲೇ ಬರೆಸಿ, ಯಾರೊಬ್ಬರತ್ತಲೂ ಬೆರಳು ತೋರಿಸಿದಂತೆ ಆಗುವುದಿಲ್ಲ.

ಹೊಸ ಸದಸ್ಯೆ, ರಾಣೆಬೆನ್ನೂರು

ಇದನ್ನೆಲ್ಲ ಓದಿ ಕೇಳುತ್ತಿದ್ದೇನೆ. ನನ್ನ ಮೊದಲ ಮಗನಿಗೆ ಎಎಸ್‌ಡಿ ಇದೆ, ಈಗ ಎರಡನೆಯದಕ್ಕೆ ನಾಲ್ಕನೆಯ ತಿಂಗಳು. ಇದಕ್ಕೂ ಬರುತ್ತದೆಯೇ? ಏನು ಮಾಡಿಸಬೇಕು? ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಮಕ್ಕಳ ವೈದ್ಯೆ, ಹುಬ್ಬಳ್ಳಿ

ತಂಗೀ, ಒಂದು ಮಗುವಿಗೆ ಇದ್ದರೆ ಮುಂದಿನದಕ್ಕೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು. ಉಳಿದವರಿಗಿಂತ ಹೆಚ್ಚು, ಹೆದರುವಷ್ಟು ಅಲ್ಲ. ನಿಮ್ಮ ಹೆರಿಗೆ ವೈದ್ಯರಿಗೆ ಮೊದಲ ಮಗನ ವಿಷಯವನ್ನು ತಪ್ಪದೆ ಹೇಳಿ, ಅವನ ಎಕೋ ವರದಿ ಜೊತೆಗೆ ಒಯ್ಯಿರಿ. ಹದಿನೆಂಟರಿಂದ ಇಪ್ಪತ್ತೆರಡನೆಯ ವಾರದ ನಡುವೆ ಭ್ರೂಣದ ಹೃದಯದ ಎಕೋ ಮಾಡಿಸಬೇಕು, ಅದು ಮಾಮೂಲಿ ಸ್ಕ್ಯಾನಿಂಗ್‌ಗಿಂತ ಬೇರೆ. ಎಎಸ್‌ಡಿ ಮಾತ್ರ ಗರ್ಭದಲ್ಲಿ ಖಚಿತವಾಗಿ ಹೇಳಲು ಬರುವುದಿಲ್ಲ, ಏಕೆಂದರೆ ಮೇಲಿನ ಕೋಣೆಗಳ ನಡುವೆ ಆಗ ಎಲ್ಲ ಮಕ್ಕಳಿಗೂ ದಾರಿ ತೆರೆದೇ ಇರುತ್ತದೆ. ಹಾಗಾಗಿ ಹುಟ್ಟಿದ ಮೇಲೂ ಒಮ್ಮೆ ಎಕೋ ಬೇಕು. ಹಾಗೆಯೇ, ಯಜಮಾನರಿಗಾದರೂ ಹೇಳಿ. ಒಬ್ಬರೇ ಓಡಾಡುವ ಕೆಲಸ ಅಲ್ಲ ಇದು.

ಲಕ್ಷ್ಮೇಶ್ವರದ ನರ್ಸ್

ರಾಣೆಬೆನ್ನೂರಿನ ಅಕ್ಕಾ, ಹೆರಿಗೆಯಾದ ಇಪ್ಪತ್ನಾಲ್ಕು ಗಂಟೆಗಳ ಮೇಲೆ ಮಗುವಿನ ಬಲಗೈ ಮತ್ತು ಒಂದು ಕಾಲಿಗೆ ಆಕ್ಸಿಮೀಟರ್ ಹಾಕಿ ನೋಡಲು ಕೇಳಿ. ಎರಡೂ ಕಡೆ 95 ಅಥವಾ ಹೆಚ್ಚು ಇದ್ದು, ನಡುವಿನ ಅಂತರ ಮೂರು ಮೀರದಿದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆ ಇದ್ದರೆ ಆ ಕ್ಷಣವೇ ವೈದ್ಯರಿಗೆ ಹೇಳಬೇಕು. ನಡುವೆ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಇದರಲ್ಲಿ ರಂಧ್ರದಂಥ ದೋಷ ಸಿಗುವುದಿಲ್ಲ, ಮೈ ನೀಲಿಯಾಗಿಸುವಂಥವು ಸಿಗುತ್ತವೆ.

ಇನ್ನೊಂದು ವಿಷಯ. ಮೊದಲ ಮಗನ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ದಾಖಲಾಗಿದೆಯೇ? 2013ರಿಂದ ಇರುವ ಯೋಜನೆ, ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ. ಹೃದಯದ ಜನ್ಮಜಾತ ದೋಷ ಅದರ ಪಟ್ಟಿಯಲ್ಲಿದೆ. ಆಗಿರದಿದ್ದರೆ ನಿಮ್ಮ ಅಂಗನವಾಡಿಗೆ ತಪಾಸಣಾ ತಂಡ ಬರುವ ದಿನ ಕೇಳಿಕೊಂಡು, ಎಕೋ ವರದಿ, ಆಧಾರ್ ಮತ್ತು ಪಡಿತರ ಚೀಟಿಯ ಪ್ರತಿ ಹಿಡಿದುಕೊಂಡು ಹೋಗಿ.

ಹೊಸ ಸದಸ್ಯೆ, ರಾಣೆಬೆನ್ನೂರು

ದಾಖಲಾಗಿಲ್ಲ ಅಕ್ಕಾ. ಸೋಮವಾರ ಅಂಗನವಾಡಿಗೆ ಹೋಗಿ ಕೇಳುತ್ತೇನೆ.